ವೀಡಿಯೊ ಹಂಚಿಕೆ ತಾಣಗಳ ಬ್ಯಾಂಡ್‌ವಿಡ್ತ್ ಯೋಜನೆ
ವೀಡಿಯೊ ಹಂಚಿಕೆ ತಾಣಕ್ಕೆ ಬೇಕಾಗುವ ಸರ್ವರ್ ಹಾಗೂ ಬ್ಯಾಂಡ್‌ವಿಡ್ತ್‌ನ ಪ್ರಮಾಣವನ್ನು ಮುಂಚಿತವಾಗಿ ಅಂದಾಜು ಮಾಡುವುದೇ ಬ್ಯಾಂಡ್‌ವಿಡ್ತ್ ಯೋಜನೆ. ಒಟ್ಟು ಸದಸ್ಯರಿಗಿಂತ ಏಕಕಾಲದಲ್ಲಿ ನೋಡುವವರ ಸಂಖ್ಯೆ ಇಲ್ಲಿ ಮುಖ್ಯ. ಸೆಕೆಂಡಿಗೆ 2 ಮೆಗಾಬಿಟ್‌ನ ವೀಡಿಯೊವನ್ನು 1,000 ಮಂದಿ ಒಟ್ಟಿಗೆ ನೋಡಿದರೆ ಸೆಕೆಂಡಿಗೆ 2 ಗಿಗಾಬಿಟ್ ಬೇಕು. ಅಂತಹ 10 ನಿಮಿಷದ ವೀಡಿಯೊ 150 ಮೆಗಾಬೈಟ್ ಆಗುತ್ತದೆ. 8 ಬಿಟ್ ಸೇರಿ 1 ಬೈಟ್ ಎಂಬುದನ್ನು ಮರೆತರೆ ಲೆಕ್ಕವೇ ಎಂಟು ಪಟ್ಟು ತಪ್ಪುತ್ತದೆ.

ಕಡತವನ್ನು ಒಮ್ಮೆ ಸಂಗ್ರಹಿಸಿದರೆ ಸಾಕು, ಆದರೆ ಪ್ರತಿ ವೀಕ್ಷಣೆಗೂ ಅದನ್ನು ಹೊಸದಾಗಿ ರವಾನಿಸಬೇಕು. ಆದ್ದರಿಂದ ಆದಾಯವಿಲ್ಲದ ತಾಣಕ್ಕೆ ಜನಪ್ರಿಯತೆಯೇ ಹೊರೆಯಾಗುವುದುಂಟು. 2005ರಲ್ಲಿ ಆರಂಭವಾದ ಯೂಟ್ಯೂಬ್ 2006ರ ಮಾರ್ಚ್‌ನಲ್ಲಿ ಸಾಮಾನ್ಯ ಬಳಕೆದಾರರ ವೀಡಿಯೊಗಳಿಗೆ 10 ನಿಮಿಷಗಳ ಮಿತಿ ವಿಧಿಸಿತು. ಅದೇ ವರ್ಷ ಗೂಗಲ್ 165 ಕೋಟಿ ಡಾಲರ್ ಮೌಲ್ಯದ ಷೇರುಗಳನ್ನು ನೀಡಿ ಅದನ್ನು ಕೊಂಡಿತು. ಇಂದು ಹೆಚ್ಚು ಬೇಡಿಕೆಯ ವೀಡಿಯೊಗಳ ಪ್ರತಿಗಳನ್ನು ವೀಕ್ಷಕರಿಗೆ ಸಮೀಪದ ಸರ್ವರ್‌ಗಳಲ್ಲಿ ಇರಿಸಿ, ಮೂಲ ಸರ್ವರ್‌ನ ಹೊರೆಯನ್ನು ಇಳಿಸಲಾಗುತ್ತದೆ.