ಮೆಣಸಿನಕಾಯಿಯ ಕೆಂಪು, ಕಂಬದ ನೇರ

ರಾಣೇಬೆನ್ನೂರು ಸೀಮೆಯ ಕುಪ್ಪೇಲೂರಿನಲ್ಲಿ ಗೃಹಸ್ಥರೊಬ್ಬರು ಕಣದಲ್ಲಿ ಒಣಹಾಕಿದ ಮೆಣಸಿನಕಾಯಿಯ ರಾಶಿಯನ್ನು ಮೊಬೈಲಿನಲ್ಲಿ ಚಿತ್ರಿಸಿ ದೂರದ ವ್ಯಾಪಾರಿಗೆ ಕಳುಹಿಸಿದರೆಂದು ಭಾವಿಸೋಣ. ಬ್ಯಾಡಗಿಯ ಕಾಯಿಗೆ ಹೆಸರು ಬಂದಿರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣದಿಂದ. ಚಿತ್ರದಲ್ಲಿ ಆ ಕೆಂಪು ಮಾಸಿ ಕಂಡರೆ ವ್ಯಾಪಾರಿಯು ಬೆಲೆಯನ್ನು ಇಳಿಸುವನು. ಇದ್ದುದಕ್ಕಿಂತ ಉಜ್ಜ್ವಲವಾಗಿ ಕಂಡರೆ ಮಾಲು ಮುಟ್ಟಿದ ದಿನ ಜಗಳವು ತಪ್ಪದು. ಕ್ಯಾಮರಾ ಕಂಡದ್ದನ್ನು ಕಂಡಂತೆಯೇ ತೋರಿಸುವುದೆಂದು ನಾವೆಲ್ಲರೂ ನಂಬಿದ್ದೇವಷ್ಟೆ. ಆ ನಂಬಿಕೆಯು ಎಷ್ಟರ ಮಟ್ಟಿಗೆ ಸರಿ?

ಡಿಜಿಟಲ್ ಕ್ಯಾಮರಾದೊಳಗೆ ಫಿಲ್ಮಿನ ಬದಲು ಲಕ್ಷಾಂತರ ಸೂಕ್ಷ್ಮ ಮನೆಗಳುಳ್ಳ ಒಂದು ಫಲಕವಿರುತ್ತದೆ. ಈ ಮನೆಗಳು ಬೆಳಕಿನ ಹೆಚ್ಚು ಕಡಮೆಯನ್ನು ಅರಿಯುವವೇ ಹೊರತು ಬಣ್ಣವನ್ನರಿಯವು. ಆದುದರಿಂದ ಒಂದೊಂದು ಮನೆಯ ಮೇಲೂ ಒಂದೊಂದು ಬಣ್ಣದ ತೆರೆಯನ್ನು ಹೊದಿಸುವರು. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬವರು ೧೯೭೬ರಲ್ಲಿ ಪೇಟೆಂಟ್ ಪಡೆದ ಕ್ರಮದಲ್ಲಿ ಪ್ರತಿ ನಾಲ್ಕು ಮನೆಗಳಲ್ಲಿ ಎರಡು ಹಸುರು, ಒಂದು ಕೆಂಪು, ಒಂದು ನೀಲಿ. ಇಂದಿಗೂ ಬಹುಪಾಲು ಕ್ಯಾಮರಾಗಳಲ್ಲಿರುವುದು ಇದೇ. ಕೆಂಪಿನ ಮನೆಯಲ್ಲಿ ಹಸುರೆಷ್ಟು, ನೀಲಿಯೆಷ್ಟು ಎಂಬುದನ್ನು ಯಂತ್ರವು ನೆರೆಮನೆಗಳನ್ನು ನೋಡಿ ಊಹಿಸುತ್ತದೆ. ಎಂದರೆ, ನಾವು ನೋಡುವ ಚಿತ್ರದ ಬಣ್ಣದಲ್ಲಿ ಮೂರರಲ್ಲಿ ಎರಡು ಪಾಲು ಅಳೆದದ್ದಲ್ಲ, ಊಹಿಸಿದ್ದು! ಆ ಊಹೆಯು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆಂಬುದನ್ನು ಒಪ್ಪಲೇಬೇಕು.

ಮುಂದೆ ಬೆಳ್ಪನ್ನು ಗೊತ್ತುಮಾಡುವ ಕೆಲಸ. ದೀಪದ ಬೆಳಕು ಹಳದಿ, ನೆರಳಿನ ಬೆಳಕು ನೀಲಿ, ಇವುಗಳನ್ನು ಸರಿದೂಗಿಸಬೇಕು. ಇದಕ್ಕಿರುವ ಹಳೆಯ ಸರಳ ಉಪಾಯವೆಂದರೆ, ಚಿತ್ರದ ಬಣ್ಣಗಳೆಲ್ಲ ಒಟ್ಟುಗೂಡಿದರೆ ಬೂದುಬಣ್ಣವಾಗುವುದೆಂದು ಎಣಿಸುವುದು. ಚಿತ್ರದ ತುಂಬ ಮೆಣಸಿನಕಾಯಿಯೇ ಇದ್ದರೆ ಈ ಎಣಿಕೆಯು ಕೆಡುತ್ತದೆ. ಯಂತ್ರವು ಕೆಂಪನ್ನು ದೋಷವೆಂದು ತಿಳಿದು ತಗ್ಗಿಸಿಬಿಡುತ್ತದೆ. ಈಗಿನ ಯಂತ್ರಗಳು ಇದಕ್ಕಿಂತ ಜಾಣವಾದರೂ ಮೋಸಹೋಗುವುದುಂಟು. ಇನ್ನು ಕೆಲವು ಸಲ ಕೆಂಪು ತನ್ನ ಮೇರೆಯನ್ನು ಮುಟ್ಟಿ, ಕಡ್ಡಿ ಕಾಯಿಯ ಸುಕ್ಕುಗಳೆಲ್ಲ ಅಳಿಸಿಹೋಗಿ ಬರಿಯ ಕೆಂಪು ಬಳಿದಂತಾಗುತ್ತದೆ.

ಫಲಕವು ಅಳೆದ ಮೂಲ ಲೆಕ್ಕಕ್ಕೆ ‘ರಾ’ ಎಂದು ಹೆಸರು, ಕಚ್ಚಾ ಚಿತ್ರವೆನ್ನಬಹುದು. ಅದರಲ್ಲಿ ಬೆಳಕಿನ ಮೆಟ್ಟಿಲುಗಳು ಸಾಮಾನ್ಯವಾಗಿ ೪,೦೯೬ ಅಥವಾ ೧೬,೩೮೪. ನಾವು ಕಳುಹಿಸುವ ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ ೨೫೬ ಮಾತ್ರ. ಒಮ್ಮೆ ಬಿಟ್ಟ ಮೆಟ್ಟಿಲುಗಳು ಮತ್ತೆ ಬಾರವು. ಆದುದರಿಂದ ಬಣ್ಣವೇ ಮುಖ್ಯವಾದಲ್ಲಿ ಕಚ್ಚಾ ಚಿತ್ರವನ್ನೂ ಉಳಿಸಿಕೊಳ್ಳುವುದು ಲೇಸು. ಹಲವು ಮೊಬೈಲುಗಳಲ್ಲಿಯೂ ಈ ಸೌಕರ್ಯವುಂಟು. ರಾಶಿಯ ಮಗ್ಗುಲಲ್ಲಿ ಒಂದು ಬಿಳಿಯ ಕಾಗದವನ್ನಿಟ್ಟರೆ, ಆಮೇಲೆ ಅದನ್ನೇ ಬಿಳಿಯೆಂದು ಗೊತ್ತುಮಾಡಿ ಕೆಂಪನ್ನು ಸರಿಪಡಿಸಬಹುದು. ನೀಲಿ ಹಾಕಿ ಒಗೆದ ಪಂಚೆಯು ಇದಕ್ಕೆ ಸಲ್ಲದು.

ಬಣ್ಣದ ಮಾತು ಹೀಗಾಯಿತು, ಆಕಾರದಲ್ಲಿಯೂ ತಿದ್ದುಪಡಿಯುಂಟು. ಅದೇ ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ, ತುಂಗಭದ್ರೆಯ ದಡದ ಮುಕ್ತೇಶ್ವರ ದೇವಾಲಯವನ್ನು ಹತ್ತಿರ ನಿಂತು ಅಗಲದೃಷ್ಟಿಯ ಮಸೂರದಿಂದ ಚಿತ್ರಿಸಿದರೆ ಅಂಚಿನ ಕಂಬಗಳು ಪೀಪಾಯಿಯಂತೆ ಹೊರಕ್ಕೆ ಉಬ್ಬಿ ಕಾಣಬಹುದು. ದೂರದೃಷ್ಟಿಯ ಮಸೂರದಲ್ಲಿ ಒಳಕ್ಕೆ ಬಾಗುವುದುಂಟು. ಕಲ್ಲು ನೇರವಾಗಿಯೇ ಇದೆ, ಬಾಗಿಸಿದ್ದು ಗಾಜು. ತಯಾರಕರು ಚೌಕುಳಿಯ ಪಟವೊಂದನ್ನು ಚಿತ್ರಿಸಿ ಮಸೂರದ ವಕ್ರತೆಯನ್ನು ಅಳೆದಿಟ್ಟಿರುತ್ತಾರೆ. ಆ ಲೆಕ್ಕದಂತೆ ಯಂತ್ರವು ಪ್ರತಿ ಬಿಂದುವನ್ನೂ ನಡುವಿನಿಂದ ತುಸು ಹೊರಕ್ಕೋ ಒಳಕ್ಕೋ ಸರಿಸುತ್ತದೆ. ಉಬ್ಬನ್ನು ತಿದ್ದುವಾಗ ಮೂಲೆಗಳು ಎಳೆಯಲ್ಪಟ್ಟು ಸ್ವಲ್ಪ ಮಂಕಾಗುವುವು, ಅಂಚು ಕೊಂಚ ಕತ್ತರಿಸಿಹೋಗುವುದು.

ಗೆರೆಗಳೆಲ್ಲ ನೇರವಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಅಗಲದೃಷ್ಟಿಯಲ್ಲಿ ನೇರವಾದುದನ್ನು ನೇರವಾಗಿಯೇ ತೋರಿಸಬೇಕಾದರೆ ಅಂಚಿನಲ್ಲಿರುವ ದುಂಡಾದ ವಸ್ತು ಅಗಲವಾಗಲೇಬೇಕು. ಇದು ಮಸೂರದ ದೋಷವಲ್ಲ, ಗಣಿತದ ಕಟ್ಟು. ಮದುವೆಯ ಗುಂಪುಚಿತ್ರದಲ್ಲಿ ಕೊನೆಯಲ್ಲಿ ನಿಂತ ಸೋದರಮಾವನವರು ಇದ್ದುದಕ್ಕಿಂತ ದಪ್ಪನಾಗಿ ಕಾಣುವುದು ಇದರಿಂದಲೇ, ಮೃಷ್ಟಾನ್ನದಿಂದಲ್ಲ. ಚಿತ್ರ ತೆಗೆಯುವವರು ನಾಲ್ಕು ಹೆಜ್ಜೆ ಹಿಂದೆ ಸರಿದು, ಎರಡೂ ಅಂಚುಗಳಲ್ಲಿ ಒಬ್ಬೊಬ್ಬರು ನಿಲ್ಲುವಷ್ಟು ತೆರಪು ಬಿಟ್ಟರೆ ಅವರ ಮುಖವು ಮುಖದಂತೆಯೇ ಬರುವುದು.