ಕುಂದಾಪುರ ಸೀಮೆಯ ಶೀತ-ಜ್ವರದ ಮನೆಮದ್ದುಗಳು

ಕುಂದಾಪುರ ಸೀಮೆಯ ಶೀತ-ಜ್ವರದ ಮನೆಮದ್ದುಗಳು ಎಂದರೆ ಕರ್ನಾಟಕದ ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಲ್ಲಿ ನೆಗಡಿ, ಕೆಮ್ಮು, ಗಂಟಲುನೋವು ಹಾಗೂ ಸಾಧಾರಣ ಜ್ವರಕ್ಕೆ ಮನೆಗಳಲ್ಲಿಯೇ ತಯಾರಿಸಿ ಬಳಸುವ ಸಸ್ಯಮೂಲದ ಔಷಧಗಳು. ಇವುಗಳಲ್ಲಿ ಕಷಾಯವೇ ಪ್ರಧಾನವಾದುದು. ಅಡುಗೆಮನೆಯ ಸಾಂಬಾರ ಪದಾರ್ಥಗಳು ಮತ್ತು ಹಿತ್ತಿಲಿನ ಗಿಡಮೂಲಿಕೆಗಳು ಇದರ ಸಾಮಗ್ರಿಗಳಾಗಿವೆ. ಸಾಮಾನ್ಯ ಶೀತದ ಬಾಧೆಯನ್ನು ತಗ್ಗಿಸಲು ಇವು ನೆರವಾಗುತ್ತವೆ. ಆದರೆ ಈ ಪ್ರದೇಶದಲ್ಲಿ ಮಳೆಗಾಲದಲ್ಲಿಯೇ ಹೆಚ್ಚಾಗುವ ಇಲಿಜ್ವರ, ಮಲೇರಿಯಾ ಮತ್ತು ಡೆಂಗಿಗಳು ಸಹ ಆರಂಭದಲ್ಲಿ ಸಾಧಾರಣ ಜ್ವರದಂತೆಯೇ ತೋರುವುದರಿಂದ ಮನೆಮದ್ದಿನ ಮಿತಿಯನ್ನು ತಿಳಿದಿರುವುದು ಅವಶ್ಯಕವಾಗಿದೆ.

ಹಿನ್ನೆಲೆ

ಉಡುಪಿ ಜಿಲ್ಲೆಯು 1997ರ ಆಗಸ್ಟ್ 25ರಂದು ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಮುಂದೆ ಕುಂದಾಪುರ ತಾಲೂಕಿನಿಂದ ಬೈಂದೂರು, ಉಡುಪಿ ತಾಲೂಕಿನಿಂದ ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾದವು. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಪಶ್ಚಿಮ ಘಟ್ಟಗಳಿರುವ ಈ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಸೌಪರ್ಣಿಕಾ, ಚಕ್ರಾ, ವಾರಾಹಿ, ಸೀತಾ, ಸುವರ್ಣಾ ಮುಂತಾದ ನದಿಗಳ ಬಯಲುಗಳಲ್ಲಿ ಇದೇ ಅವಧಿಯಲ್ಲಿ ಭತ್ತದ ನಾಟಿ ನಡೆಯುತ್ತದೆ. ದಿನವಿಡೀ ಒದ್ದೆಯಲ್ಲಿ ದುಡಿಯುವ ಜನರಿಗೆ ಶೀತ-ಜ್ವರಗಳು ಮಳೆಗಾಲದ ಸಹಜ ಸಂಗತಿಗಳಾಗಿವೆ.

ಸಾರಿಗೆ ಮತ್ತು ವೈದ್ಯಕೀಯ ಸೌಲಭ್ಯಗಳು ವಿರಳವಾಗಿದ್ದ ಕಾಲದಲ್ಲಿ ಹೊಳೆ ತುಂಬಿದರೆ ಊರಿಂದೂರಿಗೆ ಹೋಗುವುದೇ ಕಷ್ಟವಾಗಿತ್ತು. ಹೀಗಾಗಿ ಮನೆಯ ಹಿರಿಯ ಹೆಂಗಸರು ಮತ್ತು ಊರಿನ ನಾಟಿ ವೈದ್ಯರು ತಿಳಿದಿದ್ದ ಮದ್ದುಗಳೇ ಮೊದಲ ಆಸರೆಯಾಗಿದ್ದವು. ಇಂದಿಗೂ ಅನೇಕ ಮನೆಗಳಲ್ಲಿ ತುಳಸಿಕಟ್ಟೆಯ ಸುತ್ತಮುತ್ತ, ಬೇಲಿಯ ಬದಿಯಲ್ಲಿ ಮತ್ತು ಬಾವಿಯ ಬಳಿಯಲ್ಲಿ ಇಂತಹ ಗಿಡಗಳನ್ನು ಉಳಿಸಿಕೊಂಡು ಬರಲಾಗಿದೆ.

ಶೀತ ಮತ್ತು ಫ್ಲೂ

ಸಾಮಾನ್ಯ ಶೀತವು ವೈರಸ್‌ಗಳಿಂದ ಬರುತ್ತದೆ. ರೈನೋವೈರಸ್ ಇವುಗಳಲ್ಲಿ ಮುಖ್ಯವಾದುದು. ಮಳೆಯಲ್ಲಿ ನೆನೆಯುವುದೊಂದೇ ಅದಕ್ಕೆ ಕಾರಣವಲ್ಲ. ಮಳೆಗಾಲದಲ್ಲಿ ಜನರು ಮುಚ್ಚಿದ ಕೋಣೆಗಳಲ್ಲಿ ಹೆಚ್ಚು ಹೊತ್ತು ಒಟ್ಟಾಗಿರುವುದು ಸೋಂಕು ಹರಡಲು ಅನುಕೂಲವಾಗುತ್ತದೆ. ಶೀತವು ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಇನ್‌ಫ್ಲುಯೆಂಜಾ ಅಥವಾ ಫ್ಲೂ ಇದಕ್ಕಿಂತ ಭಿನ್ನವಾದುದು. ಅದು ಹಠಾತ್ತಾಗಿ ಆರಂಭವಾಗಿ ತೀವ್ರ ಜ್ವರ, ಮೈಕೈ ನೋವು ಮತ್ತು ಬಳಲಿಕೆಯನ್ನು ಉಂಟುಮಾಡುತ್ತದೆ. ವೃದ್ಧರು, ಗರ್ಭಿಣಿಯರು, ಚಿಕ್ಕ ಮಕ್ಕಳು ಹಾಗೂ ಮಧುಮೇಹ, ಉಬ್ಬಸ ಮುಂತಾದ ಕಾಯಿಲೆಗಳಿರುವವರಲ್ಲಿ ಅದು ನ್ಯುಮೋನಿಯಾಕ್ಕೆ ತಿರುಗಬಹುದು. ಆಯುರ್ವೇದದಲ್ಲಿ ನೆಗಡಿಯನ್ನು ಪ್ರತಿಶ್ಯಾಯ ಎಂದು ಕರೆಯಲಾಗಿದೆ.

ಬಳಸುವ ಸಸ್ಯಗಳು

ಶುಂಠಿ ಮತ್ತು ಕಾಳುಮೆಣಸು: ಬಹುತೇಕ ಎಲ್ಲ ಕಷಾಯಗಳಿಗೂ ಇವು ಆಧಾರ. ಶುಂಠಿ, ಮೆಣಸು ಮತ್ತು ಹಿಪ್ಪಲಿಗಳ ಸಮ ಮಿಶ್ರಣವನ್ನು ಆಯುರ್ವೇದದಲ್ಲಿ ತ್ರಿಕಟು ಎನ್ನುತ್ತಾರೆ.

ಕೊತ್ತಂಬರಿ ಮತ್ತು ಜೀರಿಗೆ: ಇವುಗಳನ್ನು ಹುರಿದು ಪುಡಿಮಾಡಿ ಡಬ್ಬಿಯಲ್ಲಿ ತುಂಬಿಡುವ ರೂಢಿಯಿದೆ. ಬೆಲ್ಲ ಮತ್ತು ಹಾಲು ಸೇರಿಸಿದ ಈ ಕಷಾಯವನ್ನು ಕೆಲವು ಮನೆಗಳಲ್ಲಿ ಕಾಫಿಗೆ ಬದಲಾಗಿ ದಿನವೂ ಕುಡಿಯುತ್ತಾರೆ.

ತುಳಸಿ: ಎಲೆಗಳನ್ನು ಕಷಾಯಕ್ಕೆ ಹಾಕುತ್ತಾರೆ ಅಥವಾ ರಸ ಹಿಂಡಿ ಜೇನಿನೊಂದಿಗೆ ಕೊಡುತ್ತಾರೆ.

ಸಾಂಬ್ರಾಣಿ ಸೊಪ್ಪು: ದೊಡ್ಡಪತ್ರೆ ಎಂದೂ ಹೆಸರಿದೆ. ದಪ್ಪನೆಯ, ಪರಿಮಳದ ಎಲೆಯನ್ನು ಬೆಂಕಿಯಲ್ಲಿ ಬಾಡಿಸಿ ರಸ ಹಿಂಡಿ ಮಕ್ಕಳ ಕೆಮ್ಮಿಗೆ ಕೊಡುತ್ತಾರೆ. ಇದರ ತಂಬುಳಿಯೂ ಪ್ರಸಿದ್ಧವಾಗಿದೆ.

ಆಡುಸೋಗೆ: ಕಫ ಕಟ್ಟಿದ ಕೆಮ್ಮಿಗೆ ಬಳಸುತ್ತಾರೆ. ಇದರಲ್ಲಿರುವ ವಾಸಿಸಿನ್ ಎಂಬ ಆಲ್ಕಲಾಯ್ಡ್‌ನ ಅಧ್ಯಯನದಿಂದಲೇ ಕಫ ಸಡಿಲಿಸುವ ಬ್ರೋಮ್‌ಹೆಕ್ಸಿನ್ ಎಂಬ ಆಧುನಿಕ ಔಷಧವು ರೂಪುಗೊಂಡಿತು.

ಅಮೃತಬಳ್ಳಿ: ಮರಗಳಿಗೆ ಹಬ್ಬುವ ಈ ಬಳ್ಳಿಯ ಕಾಂಡವನ್ನು ಜಜ್ಜಿ ಜ್ವರದ ಕಷಾಯಕ್ಕೆ ಹಾಕುತ್ತಾರೆ.

ಕಿರಾತಕಡ್ಡಿ: ನೆಲಬೇವು ಎಂದೂ ಕರೆಯಲಾಗುವ, ಅತ್ಯಂತ ಕಹಿಯಾದ ಚಿಕ್ಕ ಗಿಡ. ಹಿಮಾಲಯದಲ್ಲಿ ಬೆಳೆಯುವ ಚಿರಾಯತವು ಬೇರೆಯೇ ಸಸ್ಯವಾಗಿದ್ದು, ಹೆಸರಿನ ಸಾಮ್ಯದಿಂದ ಎರಡನ್ನೂ ಒಂದೆಂದು ತಿಳಿಯುವುದುಂಟು.

ತಯಾರಿಸುವ ಕ್ರಮ

ಒಂದು ಪಾಲು ಔಷಧ ದ್ರವ್ಯಕ್ಕೆ 16 ಪಾಲು ನೀರು ಹಾಕಿ, ಎಂಟನೆಯ ಒಂದು ಪಾಲಿಗೆ ಇಳಿಸುವ ಕ್ರಮವನ್ನು ಶಾರ್ಙ್ಗಧರ ಸಂಹಿತೆ ಹೇಳುತ್ತದೆ. ಮನೆಗಳಲ್ಲಿ ಅನುಸರಿಸುವ ರೀತಿ ಇದಕ್ಕಿಂತ ಸರಳವಾಗಿದೆ. ಒಂದು ತುಂಡು ಶುಂಠಿ, ಏಳೆಂಟು ಮೆಣಸಿನ ಕಾಳು, ಒಂದು ಚಮಚ ಕೊತ್ತಂಬರಿ ಮತ್ತು ಅರ್ಧ ಚಮಚ ಜೀರಿಗೆಯನ್ನು ಜಜ್ಜಿ, ತುಳಸಿ ಎಲೆಗಳೊಂದಿಗೆ ಎರಡು ಲೋಟ ನೀರಿನಲ್ಲಿ ಹಾಕಿ ಒಂದು ಲೋಟವಾಗುವವರೆಗೆ ಸಣ್ಣ ಉರಿಯಲ್ಲಿ ಕುದಿಸುತ್ತಾರೆ. ಬಳಿಕ ಸೋಸಿ, ಬೆಲ್ಲ ಬೆರೆಸಿ ಬಿಸಿಯಾಗಿಯೇ ಕುಡಿಯುತ್ತಾರೆ.

2020ರ ಕೋವಿಡ್ ಸಂದರ್ಭದಲ್ಲಿ ಕೇಂದ್ರ ಆಯುಷ್ ಸಚಿವಾಲಯವು ಸೂಚಿಸಿದ ಕಷಾಯದಲ್ಲಿಯೂ ತುಳಸಿ, ದಾಲ್ಚಿನ್ನಿ, ಶುಂಠಿ ಮತ್ತು ಕಾಳುಮೆಣಸುಗಳಿದ್ದವು. ಇದು ಮನೆಯ ಕಷಾಯಕ್ಕೆ ಬಹಳ ಹತ್ತಿರವಾದುದಾಗಿದೆ.

ಪಥ್ಯ

ಜ್ವರದಲ್ಲಿ ಕುಚ್ಚಲಕ್ಕಿ ಗಂಜಿಯೇ ಮುಖ್ಯ ಆಹಾರ. ಅದರೊಂದಿಗೆ ಉಪ್ಪಿನಕಾಯಿ ಅಥವಾ ಸುಟ್ಟ ಹಪ್ಪಳ ಇರುತ್ತದೆ. ಬಾಯಿಗೆ ರುಚಿ ಮರಳುವಾಗ ಮೆಣಸು-ಜೀರಿಗೆಯ ಸಾರು ಅಥವಾ ಹುರುಳಿ ಸಾರು ಕೊಡುತ್ತಾರೆ. ಗಂಜಿತಿಳಿಗೆ ಉಪ್ಪು ಹಾಕಿ ಕುಡಿಯುವ ಪದ್ಧತಿಯಿಂದ ಬೆವರಿನಲ್ಲಿ ಕಳೆದುಹೋದ ನೀರು ಮತ್ತು ಲವಣ ದೇಹಕ್ಕೆ ಮರಳುತ್ತವೆ.

ಹಾಲೆ ಮರದ ಕಷಾಯ

ಆಷಾಢ ಅಮಾವಾಸ್ಯೆಯಂದು ಹಾಲೆ ಮರದ ತೊಗಟೆಯ ಕಷಾಯವನ್ನು ಬರಿಹೊಟ್ಟೆಯಲ್ಲಿ ಕುಡಿಯುವ ಆಚರಣೆ ಕರಾವಳಿಯಲ್ಲಿದೆ. ತುಳುವರು ಈ ಮರವನ್ನು ಪಾಲೆ ಎಂದೂ ಆ ದಿನವನ್ನು ಆಟಿ ಅಮಾವಾಸ್ಯೆ ಎಂದೂ ಕರೆಯುತ್ತಾರೆ. ಕುಂದಗನ್ನಡದಲ್ಲಿ ಅದು ಆಸಾಡಿ ಅಮಾಸಿ. ಸೂರ್ಯೋದಯಕ್ಕೆ ಮೊದಲು, ಕಬ್ಬಿಣವನ್ನು ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುತ್ತಾರೆ. ಅದರ ರಸಕ್ಕೆ ಬೆಳ್ಳುಳ್ಳಿ, ಮೆಣಸು ಮುಂತಾದವನ್ನು ಸೇರಿಸಿ, ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದುತ್ತಾರೆ. ಕಷಾಯದ ಉಷ್ಣವನ್ನು ತಣಿಸಲು ಬಳಿಕ ಮೆಂತೆ ಗಂಜಿ ಉಣ್ಣುತ್ತಾರೆ. ಇದು ಬಂದ ಜ್ವರಕ್ಕೆ ಮದ್ದಲ್ಲ; ಮಳೆಗಾಲದ ರೋಗಗಳು ಬಾರದಿರಲಿ ಎಂಬ ಉದ್ದೇಶದ ವಾರ್ಷಿಕ ಆಚರಣೆ.

ಕತ್ತಲೆಯಲ್ಲಿ ಮರವನ್ನು ತಪ್ಪಾಗಿ ಗುರುತಿಸುವುದು ಪ್ರಾಣಾಪಾಯಕ್ಕೆ ದಾರಿಯಾಗಬಲ್ಲದು. ಇದೇ ಪ್ರದೇಶದ ಕಾಡುಗಳಲ್ಲಿ ಬೆಳೆಯುವ ಕಾಸರಕ ಮರದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷವಿದೆ. ಹಾಲೆ ಮರದ ತೊಗಟೆಗೆ ಗಾಯವಾದರೆ ಬಿಳಿ ಹಾಲು ಒಸರುತ್ತದೆ ಮತ್ತು ಅದರ ಎಲೆಗಳು ಏಳರ ಆಸುಪಾಸಿನ ಸಂಖ್ಯೆಯಲ್ಲಿ ವೃತ್ತಾಕಾರವಾಗಿ ಜೋಡಣೆಯಾಗಿರುತ್ತವೆ. ಸಪ್ತಪರ್ಣಿ ಎಂಬ ಹೆಸರು ಬಂದುದು ಇದರಿಂದಲೇ. ಕಾಸರಕದ ಎಲೆಗಳು ಎದುರುಬದುರಾಗಿ ಎರಡೆರಡು ಇರುತ್ತವೆ. ಅದರಲ್ಲಿ ಹಾಲು ಇರುವುದಿಲ್ಲ. ಆದುದರಿಂದ ಹಿಂದಿನ ದಿನ ಹಗಲಿನಲ್ಲಿಯೇ ಬಲ್ಲವರು ಮರವನ್ನು ಗುರುತಿಸಿ ಗುರುತು ಕಟ್ಟಿಡುವುದು ಸುರಕ್ಷಿತ ಕ್ರಮವಾಗಿದೆ.

ಚೀನೀ ಪದ್ಧತಿಯೊಂದಿಗೆ ಹೋಲಿಕೆ

ಶೀತ-ಜ್ವರಕ್ಕೆ ಮೂಲಿಕೆಗಳನ್ನು ಕುದಿಸಿ ಕುಡಿಯುವ ಪದ್ಧತಿ ಚೀನಾದಲ್ಲಿಯೂ ಪ್ರಾಚೀನವಾದುದು. ಕ್ರಿ.ಶ. 200ರ ಸುಮಾರಿನಲ್ಲಿದ್ದ ವೈದ್ಯ ಜಾಂಗ್ ಜಾಂಗ್‌ಜಿಂಗ್‌ನ ಗ್ರಂಥದಲ್ಲಿ ದಾಲ್ಚಿನ್ನಿಯ ಕಡ್ಡಿ, ಶುಂಠಿ ಮತ್ತು ಯಷ್ಟಿಮಧು ಜಾತಿಯ ಬೇರು ಸೇರಿದ ಕಷಾಯವಿದೆ. ಅದನ್ನು ಕುಡಿದ ಮೇಲೆ ಬಿಸಿ ಗಂಜಿ ಸೇವಿಸಿ ಹೊದ್ದು ಮಲಗಬೇಕೆಂಬ ಸೂಚನೆಯೂ ಇದೆ. ಕರಾವಳಿಯ ಕಿರಾತಕಡ್ಡಿಯನ್ನು ಚೀನೀ ವೈದ್ಯದಲ್ಲಿ ಚುವಾನ್‌ಶಿನ್‌ಲಿಯಾನ್ ಎಂಬ ಹೆಸರಿನಿಂದ ಗಂಟಲುನೋವು ಮತ್ತು ಜ್ವರಕ್ಕೆ ಬಳಸುತ್ತಾರೆ.

ವೈಜ್ಞಾನಿಕ ಪರಿಶೀಲನೆ

ಬಿಸಿ ಪಾನೀಯವು ಗಂಟಲಿಗೆ ಹಿತವನ್ನು ನೀಡುತ್ತದೆ. ಒಂದು ವರ್ಷ ದಾಟಿದ ಮಕ್ಕಳ ರಾತ್ರಿಯ ಕೆಮ್ಮನ್ನು ಜೇನು ತಗ್ಗಿಸುತ್ತದೆ ಎಂಬುದಕ್ಕೆ ಅಧ್ಯಯನಗಳ ಬೆಂಬಲವಿದೆ. ಕಿರಾತಕಡ್ಡಿಯು ಶೀತದ ಲಕ್ಷಣಗಳನ್ನು ಸ್ವಲ್ಪಮಟ್ಟಿಗೆ ಕಡಿಮೆಮಾಡಬಹುದೆಂದು ಕೆಲವು ಪ್ರಯೋಗಗಳು ಸೂಚಿಸಿದ್ದರೂ ಅವುಗಳ ಗುಣಮಟ್ಟ ಏಕರೂಪವಾಗಿಲ್ಲ. ಯಾವುದೇ ಕಷಾಯವು ಫ್ಲೂ ವೈರಸ್ಸನ್ನು ನಾಶಮಾಡುತ್ತದೆ ಎಂಬುದು ಸಿದ್ಧಪಟ್ಟಿಲ್ಲ. ಶೀತವು ತಾನಾಗಿಯೇ ವಾಸಿಯಾಗುವ ರೋಗವಾದುದರಿಂದ, ಮದ್ದು ಕುಡಿದ ಬಳಿಕ ಗುಣವಾಯಿತು ಎಂಬುದು ಮದ್ದಿನಿಂದಲೇ ಗುಣವಾಯಿತು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಇನ್ನೊಂದೆಡೆ, ಚೀನಾದ ತು ಯೂಯೂ ಅವರು ಪ್ರಾಚೀನ ಗ್ರಂಥದ ಸೂಚನೆಯನ್ನು ಹಿಡಿದು ಮಲೇರಿಯಾ ಔಷಧವಾದ ಆರ್ಟಿಮಿಸಿನಿನ್ ಅನ್ನು ಗಿಡವೊಂದರಿಂದ ಬೇರ್ಪಡಿಸಿ 2015ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಸಾಂಪ್ರದಾಯಿಕ ಜ್ಞಾನವನ್ನು ಪರೀಕ್ಷೆಗೆ ಒಡ್ಡಿದಾಗ ದೊರೆತ ಫಲಕ್ಕೆ ಇದು ನಿದರ್ಶನವಾಗಿದೆ.

ಎಚ್ಚರಿಕೆಗಳು

ಒಂದು ವರ್ಷದೊಳಗಿನ ಶಿಶುಗಳಿಗೆ ಜೇನು ಕೊಡಬಾರದು. ಬಾಟುಲಿಸಂ ಎಂಬ ಅಪಾಯಕಾರಿ ರೋಗ ಬರಬಹುದು. ಆಡುಸೋಗೆ ಮತ್ತು ಕಿರಾತಕಡ್ಡಿ ಗರ್ಭಿಣಿಯರಿಗೆ ವರ್ಜ್ಯ. ಯಷ್ಟಿಮಧುವಿನ ಅತಿ ಬಳಕೆಯಿಂದ ರಕ್ತದೊತ್ತಡ ಏರುತ್ತದೆ. ಅಮೃತಬಳ್ಳಿಯನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯವು ಈ ನಿರ್ಣಯವನ್ನು ಒಪ್ಪಲಿಲ್ಲ. ಯಕೃತ್ತಿನ ಕಾಯಿಲೆ ಇರುವವರು, ಮಧುಮೇಹಕ್ಕೆ ಅಥವಾ ರಕ್ತ ಹೆಪ್ಪುಗಟ್ಟದಿರಲು ಔಷಧ ಸೇವಿಸುವವರು ವೈದ್ಯರನ್ನು ಕೇಳಿಯೇ ಮೂಲಿಕೆಗಳನ್ನು ಬಳಸಬೇಕು. ಹಬೆ ತೆಗೆದುಕೊಳ್ಳುವಾಗ ಕುದಿನೀರು ಚೆಲ್ಲಿ ಮಕ್ಕಳಿಗೆ ಸುಟ್ಟ ಗಾಯಗಳಾಗುವ ಸಂಭವವಿದೆ.

ಮನೆಮದ್ದಿಗೆ ಸಲ್ಲದ ಜ್ವರಗಳು

ಇಲಿಜ್ವರ ಅಥವಾ ಲೆಪ್ಟೋಸ್ಪೈರೋಸಿಸ್ ಈ ಪ್ರದೇಶದ ಮಳೆಗಾಲದ ಗಂಭೀರ ರೋಗ. ಇಲಿ ಮತ್ತು ಜಾನುವಾರುಗಳ ಮೂತ್ರ ಬೆರೆತ ನೀರಿನಲ್ಲಿರುವ ಬ್ಯಾಕ್ಟೀರಿಯಾ, ಕಾಲಿನ ಗಾಯಗಳ ಮೂಲಕ ದೇಹವನ್ನು ಸೇರುತ್ತದೆ. ಬರಿಗಾಲಿನಲ್ಲಿ ಗದ್ದೆಗೆ ಇಳಿಯುವವರು ಮತ್ತು ತೋಡು-ಚರಂಡಿಗಳಲ್ಲಿ ಕೆಲಸಮಾಡುವವರು ಇದಕ್ಕೆ ಹೆಚ್ಚಾಗಿ ತುತ್ತಾಗುತ್ತಾರೆ. ಜ್ವರದೊಂದಿಗೆ ಮೀನಖಂಡದ ನೋವು, ಕಣ್ಣು ಕೆಂಪಾಗುವುದು, ಮುಂದೆ ಕಾಮಾಲೆ ಹಾಗೂ ಮೂತ್ರ ಕಡಿಮೆಯಾಗುವುದು ಇದರ ಲಕ್ಷಣಗಳು. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್‌ನಂತಹ ಪ್ರತಿಜೈವಿಕಗಳಿಂದ ಗುಣವಾಗುತ್ತದೆ; ತಡವಾದರೆ ಮೂತ್ರಪಿಂಡ ಮತ್ತು ಶ್ವಾಸಕೋಶಗಳು ವಿಫಲವಾಗಬಹುದು. ಮಲೇರಿಯಾಕ್ಕೆ ರಕ್ತಪರೀಕ್ಷೆಯೇ ನಿರ್ಣಾಯಕ. ಡೆಂಗಿಯ ಸಂದೇಹವಿರುವಾಗ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ನುಂಗಬಾರದು.

ಜ್ವರದೊಂದಿಗೆ ಮೂಗು ಸೋರುವುದಾಗಲಿ ಕೆಮ್ಮಾಗಲಿ ಇಲ್ಲದಿದ್ದರೆ ಅದು ಶೀತವಲ್ಲದಿರುವ ಸಂಭವವೇ ಹೆಚ್ಚು. ಎರಡು ದಿನ ದಾಟಿದರೂ ಇಳಿಯದ ಜ್ವರ, ಉಸಿರಾಟದ ತೊಂದರೆ, ಎದೆನೋವು, ಎಡೆಬಿಡದ ವಾಂತಿ, ರಕ್ತಸ್ರಾವ, ಪ್ರಜ್ಞೆ ಮಸುಕಾಗುವುದು ಇವುಗಳಲ್ಲಿ ಯಾವುದೊಂದು ಕಂಡರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲೂಕು ಆಸ್ಪತ್ರೆಗೆ ಹೋಗುವುದು ಅಗತ್ಯ. ಗದ್ದೆ ಕೆಲಸ ಮಾಡಿದವರು ಮೊದಲ ದಿನವೇ ಆ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಕುಡಿದ ಮೂಲಿಕೆಗಳ ಹೆಸರುಗಳನ್ನೂ ಮರೆಮಾಚದೆ ಹೇಳುವುದರಿಂದ ಚಿಕಿತ್ಸೆ ಸುಲಭವಾಗುತ್ತದೆ.