ಹಲ್ಲಿನ ಡಾಕ್ಟರು ಕೀಬೋರ್ಡು ಹಿಡಿದರು!

ಸಾರವಾಡ: ವಿಜಯಪುರದಿಂದ ಬಬಲೇಶ್ವರದ ಕಡೆ ಹೊರಟ ಬಸ್ಸು ಡೋಣಿ ದಾಟುವ ಹೊತ್ತಿಗೆ ಯಾವನಾದರೊಬ್ಬನ ಮೊಬೈಲಿನಲ್ಲಿ ಹಾಡು ಶುರುವಾಗಿಯೇ ಇರುತ್ತದೆ. 'ದನಿ ಕಡಿಮಿ ಮಾಡೋ ತಮ್ಮಾ' ಎಂದು ಕಂಡಕ್ಟರ್ ಸಾಹೇಬರು ಅಂದರೂ ಕೇಳುವವರಾರು? ಮೋಡ ಕವಿದ ಸಂಜೆಯಾದರೆ 'ಬಾ ಮಳೆಯೇ ಬಾ' ಹಚ್ಚುವವನೂ ಒಬ್ಬ ಸಿಗುತ್ತಾನೆ. ಹಾಡಿದವರು ಸೋನು ನಿಗಮ್ ಎಂಬುದು ಎಲ್ಲರಿಗೂ ಗೊತ್ತು. ಬರೆದವರು ಕವಿ ಬಿ.ಆರ್. ಲಕ್ಷ್ಮಣರಾವ್ ಎಂಬುದು ಓದುವ ಮಂದಿಗೆ ಗೊತ್ತು. ರಾಗ ಹಾಕಿದವರು ಯಾರು ಎಂದು ಕೇಳಿ ನೋಡಿ, ಇಡೀ ಬಸ್ಸು ಮುಖ ಮುಖ ನೋಡುತ್ತದೆ!

ಅವರೇ ರಿಕ್ಕಿ ಕೇಜ್. 2008ರಲ್ಲಿ ಬಂದ 'ಆಕ್ಸಿಡೆಂಟ್' ಚಿತ್ರದ ಹಾಡು ಅದು. ಅಮೆರಿಕದವರು ಕೊಡುವ ಗ್ರ್ಯಾಮಿ ಪ್ರಶಸ್ತಿಯನ್ನು ಮೂರು ಬಾರಿ ಹೊತ್ತು ತಂದ ಬೆಂಗಳೂರಿನ ಮನುಷ್ಯ. ಕೀಬೋರ್ಡು, ಕಂಪ್ಯೂಟರ್ ಇಟ್ಟುಕೊಂಡು ಒಬ್ಬರೇ ಕೂತು ಸಂಗೀತ ಕಟ್ಟುವುದರಿಂದ ದುಡಿಮೆ ಶುರುಮಾಡಿದವರು. ಅವರ ಕಥೆಗೂ ಸಾರವಾಡಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಉಂಟು.

ನಮ್ಮ ಈ ಡೋಣಿ ಸೀಮೆಯ ಊರುಗಳಲ್ಲಿ ಈಗ ಒಬ್ಬಿಬ್ಬರಾದರೂ ಇಂಥ ಹುಡುಗರಿದ್ದಾರೆ. ಮನೆಯ ಹಿಂದಿನ ಖೋಲಿ, ಗೋಡೆಗೆ ಕಟ್ಟಿದ ಅವ್ವನ ಹಳೆಯ ಕೌದಿ, ಒಂದು ಲ್ಯಾಪ್‌ಟಾಪು, ಒಂದು ಮೈಕು. ಕೌದಿ ಯಾಕೆಂದರೆ ದನಿ ಗೋಡೆಗೆ ಬಡಿದು ವಾಪಸು ಬರಬಾರದು. ಅದೇ ಸ್ಟುಡಿಯೋ! ಅಲ್ಲಿ ತಯಾರಾದ ಜಾನಪದ ಹಾಡು ಯೂಟ್ಯೂಬಿಗೆ ಹೋಗುತ್ತದೆ, ಅಲ್ಲಿಂದ ಮದುವೆಯ ಮೆರವಣಿಗೆಯ ಡಿಜೆ ಪೆಟ್ಟಿಗೆಗೆ ಬರುತ್ತದೆ. ಊರ ಮಂದಿ ಕುಣಿಯುತ್ತಾರೆ. ಆದರೆ ಹುಡುಗನ ಅಪ್ಪ ಕಟ್ಟೆಯ ಮೇಲೆ ಕೂತು ಕೇಳುವ ಪ್ರಶ್ನೆ ಒಂದೇ: 'ಇದರಾಗ ಹೊಟ್ಟಿ ತುಂಬತೈತೇನೋ?' ಇನ್ನೊಂದು ಪ್ರಶ್ನೆ ಸನಾದಿ, ಹಲಗಿ ಬಾರಿಸುವವರದು: 'ಡಿಜೆ ಬಂದ ಮ್ಯಾಲ ನಮ್ಮನ್ನ ಯಾರ ಕರೀತಾರಪಾ?' ಎರಡಕ್ಕೂ ಕೇಜ್ ಅವರ ದುಡಿಮೆಯ ದಾರಿಯಲ್ಲಿ ಅಷ್ಟೋ ಇಷ್ಟೋ ಉತ್ತರ ಸಿಗುತ್ತದೆ. ಪೂರ್ತಿ ಸಿಗುತ್ತದೆ ಎಂದರೆ ಅದು ಸುಳ್ಳಾದೀತು.

ಹುಟ್ಟಿದ್ದು 1981ರ ಆಗಸ್ಟ್ 5ರಂದು, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಎಂಟು ವರ್ಷದವರಿದ್ದಾಗ ಬೆಂಗಳೂರಿಗೆ ಬಂದರು. ಅಜ್ಜ ಜಾನಕಿದಾಸ್ ಹಿಂದಿ ಸಿನಿಮಾದಲ್ಲಿ ನಟ, ಅದಕ್ಕೂ ಮೊದಲು ಹೆಸರಾಂತ ಸೈಕಲ್ ಪಟು. ಮೊಮ್ಮಗ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಆಕ್ಸ್‌ಫರ್ಡ್ ದಂತ ಕಾಲೇಜು ಸೇರಿದರು. ಹಲ್ಲಿನ ಡಾಕ್ಟರ್ ಪದವಿ ಕೈಗೆ ಬಂತು. ಆದರೆ ದವಾಖಾನೆಯ ಬೋರ್ಡು ಮಾತ್ರ ಬರೆಸಲಿಲ್ಲ! ಬೆಂಗಳೂರಿನ 'ಏಂಜೆಲ್ ಡಸ್ಟ್' ಎಂಬ ರಾಕ್ ತಂಡದಲ್ಲಿ ಕೀಬೋರ್ಡು ಬಾರಿಸುತ್ತಿದ್ದವರು, 2003ರಲ್ಲಿ ತಮ್ಮದೇ ಸ್ಟುಡಿಯೋ ತೆರೆದು ಕೂತರು. ಹೆಸರು 'ರೇವಲ್ಯೂಷನ್'. ಆಗ ಅವರಿಗಿನ್ನೂ 22 ವರ್ಷ.

ಡಿಗ್ರಿ ಮುಗಿಸಿಯೇ ಆಟಕ್ಕೆ ಇಳಿದರು ಎಂಬುದನ್ನು ಕಟ್ಟೆಯ ಮೇಲಿನ ಅಪ್ಪಂದಿರು ಗಮನಿಸಬೇಕು. ಹುಡುಗರೂ ಗಮನಿಸಿದರೆ ತಪ್ಪಿಲ್ಲ.

ಕಿರ್ದಿ ಪುಸ್ತಕದ ಸಂಗೀತ

ಒಬ್ಬನೇ ಮನುಷ್ಯ ಮೇಳದ ಕೆಲಸ ಹೇಗೆ ಮಾಡುತ್ತಾನೆ? ಅಂಗಡಿಕಾರರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕೀಬೋರ್ಡಿನ ಮನೆ ಒತ್ತಿದಾಗ ಕಂಪ್ಯೂಟರಿಗೆ ಹೋಗುವುದು ದನಿಯಲ್ಲ, ಲೆಕ್ಕ. ಯಾವ ಮನೆ ಒತ್ತಿದ, ಎಷ್ಟು ಜೋರಾಗಿ ಒತ್ತಿದ, ಯಾವಾಗ ಬಿಟ್ಟ, ಇಷ್ಟೇ. ಕಿರ್ದಿ ಪುಸ್ತಕದಲ್ಲಿ ಜಮಾ-ಖರ್ಚು ಬರೆದಂತೆ. ಅದೇ ಲೆಕ್ಕವನ್ನು ಆಮೇಲೆ ಕೊಳಲಿನ ದನಿಯಲ್ಲಿ ಓದಿಸಬಹುದು, ಪಿಟೀಲಿನ ದನಿಯಲ್ಲಿ ಓದಿಸಬಹುದು. ತಪ್ಪಿದಲ್ಲಿ ತಿದ್ದಬಹುದು. 'ಮಿಡಿ' ಎಂಬ ಈ ಪದ್ಧತಿಯನ್ನು ಜಪಾನ್ ಮತ್ತು ಅಮೆರಿಕದ ಕಂಪನಿಗಳು ಕೂಡಿ 1983ರಲ್ಲಿ ಜಾರಿಗೆ ತಂದವು. ಒಂದು ಕಂಪನಿಯ ಕೀಬೋರ್ಡು ಇನ್ನೊಂದು ಕಂಪನಿಯ ಯಂತ್ರದ ಜೊತೆ ಮಾತಾಡತೊಡಗಿದ್ದು ಅಲ್ಲಿಂದ. ಕೌದಿ ಕಟ್ಟಿದ ಖೋಲಿಯಲ್ಲಿ ನಡೆಯುವುದೂ ಇದೇ.

ಅದಕ್ಕೂ ಒಂದು ವರ್ಷ ಮೊದಲು ಮುಂಬೈಯಲ್ಲಿ ಒಬ್ಬರು ಇಂಥ ಯಂತ್ರಗಳನ್ನು ಪಳಗಿಸಿದ್ದರು. ಚರಣಜಿತ್ ಸಿಂಗ್. ಹಿಂದಿ ಸಿನಿಮಾದ ವಾದ್ಯವೃಂದಗಳಲ್ಲಿ ಬಾರಿಸುತ್ತಿದ್ದವರು, ಮದುವೆ ಸಮಾರಂಭಗಳಿಗೂ ಹೋಗುತ್ತಿದ್ದವರು. ಜಪಾನಿನ ರೋಲ್ಯಾಂಡ್ ಕಂಪನಿಯ ಹೊಸ ಯಂತ್ರಗಳನ್ನು ಕೊಂಡು, 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂಡಿಸಿ ಒಬ್ಬರೇ ಒಂದು ರೆಕಾರ್ಡು ಮಾಡಿದರು. ಭೈರವಿಯೂ ಉಂಟು, ಮೇಘಮಲ್ಹಾರವೂ ಉಂಟು. ಕೊಳ್ಳುವವರು ಸಿಗಲಿಲ್ಲ. ಅವರು ಮತ್ತೆ ಮದುವೆಗಳಿಗೆ ಹೊರಟರು. 2010ರಲ್ಲಿ ಹಾಲೆಂಡಿನ ರೆಕಾರ್ಡು ಸಂಗ್ರಾಹಕರೊಬ್ಬರು ಅದನ್ನು ಮತ್ತೆ ಅಚ್ಚು ಹಾಕಿಸಿದಾಗ ಯುರೋಪಿನವರು ಬೆಕ್ಕಸಬೆರಗಾದರು. ಕೆಲವು ವರ್ಷಗಳ ಮೇಲೆ ಅಮೆರಿಕದಲ್ಲಿ ಹುಟ್ಟಿದ ಕುಣಿತದ ಸಂಗೀತದ ಧಾಟಿ ಮುಂಬೈಯಲ್ಲಿ ಮೊದಲೇ ಬಂದುಬಿಟ್ಟಿತ್ತಲ್ಲ! ಎಪ್ಪತ್ತು ದಾಟಿದ ಅಜ್ಜನನ್ನು ಯುರೋಪಿಗೆ ಕರೆಸಿ ಬಾರಿಸಿದರು. 2015ರಲ್ಲಿ ಅವರು ತೀರಿಕೊಂಡರು. ಮಾಲು ಚೆನ್ನಾಗಿದ್ದರೂ ಸಂತೆಯ ದಿನ ಗಿರಾಕಿ ಬರದಿದ್ದರೆ ಏನಾಗುತ್ತದೆ ಎಂಬುದನ್ನು ಸಂತೆಗೆ ಹೋಗುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮೂವತ್ತು ಸೆಕೆಂಡಿನ ಅನ್ನ

ರಿಕ್ಕಿ ಕೇಜ್ ಗಿರಾಕಿಯನ್ನು ಮೊದಲು ಹುಡುಕಿಕೊಂಡರು. ಟಿ.ವಿ. ಮತ್ತು ರೇಡಿಯೋ ಜಾಹೀರಾತಿನ ಹಾಡು, ಅದೇ ಜಿಂಗಲ್! ಮೂವತ್ತು ಸೆಕೆಂಡಿನಲ್ಲಿ ಸರಕಿನ ಹೆಸರು ಕಿವಿಗೆ ಅಂಟಬೇಕು. ಇಂಥವನ್ನು ಅವರು 3000ಕ್ಕೂ ಹೆಚ್ಚು ಮಾಡಿದ್ದಾರೆ. ಎ.ಆರ್. ರೆಹಮಾನ್ ಕೂಡ 1992ರ 'ರೋಜಾ'ಕ್ಕೂ ಮೊದಲು ಜಿಂಗಲ್ ಮಾಡಿಯೇ ಕೈ ಪಳಗಿಸಿಕೊಂಡವರು. ಜಿಂಗಲ್ ಮಾಡಿದವನ ಹೆಸರು ಎಲ್ಲೂ ಬರುವುದಿಲ್ಲ, ರೊಕ್ಕ ಮಾತ್ರ ಬರುತ್ತದೆ. ಕಟ್ಟೆಯ ಮೇಲಿನ ಅಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೊಟ್ಟೆ ತುಂಬಿಸಿದ್ದು ಗ್ರ್ಯಾಮಿ ಅಲ್ಲ, ಸಣ್ಣ ಸಣ್ಣ ಕೆಲಸ.

ನಡುವೆ ಸಿನಿಮಾ. 'ಆಕ್ಸಿಡೆಂಟ್' ಆದ ಮೇಲೆ 2009ರಲ್ಲಿ 'ವೆಂಕಟ ಇನ್ ಸಂಕಟ', 2010ರಲ್ಲಿ 'ಕ್ರೇಜಿ ಕುಟುಂಬ'. ಮೂರರಲ್ಲೂ ನಾಯಕರು ರಮೇಶ್ ಅರವಿಂದ್. 2011ರಲ್ಲಿ ಢಾಕಾದಲ್ಲಿ ನಡೆದ ವಿಶ್ವಕಪ್ ಕ್ರಿಕೆಟ್ ಉದ್ಘಾಟನೆಗೂ ಇವರ ಸಂಗೀತ ಇತ್ತು. ಮಳೆಯ ಹಾಡು ಬಿಟ್ಟರೆ ಸಿನಿಮಾದಲ್ಲಿ ಅವರಿಗೆ ಅಂಥ ದೊಡ್ಡ ಹೆಸರೇನೂ ಬರಲಿಲ್ಲ ಎನ್ನದೆ ವಿಧಿಯಿಲ್ಲ.

ತಿರುವು ಬಂದದ್ದು 'ವಿಂಡ್ಸ್ ಆಫ್ ಸಂಸಾರ'ದಿಂದ. ದಕ್ಷಿಣ ಆಫ್ರಿಕಾದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್ ಜೊತೆಗೂಡಿ 2014ರಲ್ಲಿ ಹೊರತಂದ ಆಲ್ಬಂ. ನಮ್ಮ ಕಡೆಯಿಂದ ಗಾಂಧೀಜಿ, ಅವರ ಕಡೆಯಿಂದ ನೆಲ್ಸನ್ ಮಂಡೇಲಾ, ಇಬ್ಬರ ವಿಚಾರ ಇಟ್ಟುಕೊಂಡು ಮಾಡಿದ್ದು. ಇಲ್ಲಿ ಒಂದು ಮಾತು ನೆನಪಿಡಬೇಕು. ಎಲ್ಲ ದನಿಯನ್ನೂ ಯಂತ್ರದಿಂದಲೇ ತೆಗೆಯಬಲ್ಲ ಮನುಷ್ಯ, ತನ್ನ ದೊಡ್ಡ ಕೆಲಸಕ್ಕೆ ಕೈಹಾಕಿದಾಗ ನೂರಕ್ಕೂ ಮೇಲ್ಪಟ್ಟು ವಾದಕರನ್ನು, ಹಾಡುಗಾರರನ್ನು ಕೂಡಿಸಿದರು. ಯಂತ್ರದ ಕೊಳಲು ಪೆಟ್ಟಿಗೆಯಲ್ಲೇ ಇತ್ತು. ಆದರೂ ಉಸಿರು ಹಾಕಿ ಊದುವವನು ಬೇಕಾಯಿತು. ಅಮೆರಿಕದ 'ಬಿಲ್‌ಬೋರ್ಡ್' ಪತ್ರಿಕೆಯ 'ನ್ಯೂ ಏಜ್' ಪಟ್ಟಿಯಲ್ಲಿ ಆಲ್ಬಂ ಮೊದಲ ಸ್ಥಾನಕ್ಕೆ ಏರಿತು. 2015ರ ಫೆಬ್ರುವರಿಯಲ್ಲಿ ಗ್ರ್ಯಾಮಿ ಬಂತು. ಮುಂಬೈಯ ಚರಣಜಿತ್ ಸಿಂಗ್ ತೀರಿಕೊಂಡದ್ದೂ ಅದೇ ವರ್ಷವೇ.

ಪ್ರಶಸ್ತಿ ಬಂದ ಮೇಲೆ ಯಾರೇ ಆಗಲಿ ದರ ಏರಿಸುತ್ತಾರೆ. ಇವರು ಅಂಗಡಿಯನ್ನೇ ಬದಲಾಯಿಸಿದರು! ಜಾಹೀರಾತು ಸಾಕು, ಇನ್ನು ಕಾಡು, ನೀರು, ಗಾಳಿ ಇವುಗಳ ಮೇಲಷ್ಟೇ ಸಂಗೀತ ಎಂದು ತೀರ್ಮಾನ ಮಾಡಿದರು. ಹನ್ನೆರಡು ವರ್ಷ ಕಟ್ಟಿದ ಗಿರಾಕಿಗಳನ್ನು ಬಿಡುವುದು ಸಣ್ಣ ಮಾತಲ್ಲ. ನಮ್ಮ ರಾಜ್ಯದ ಕಾಡುಪ್ರಾಣಿಗಳ ಮೇಲೆ ಅಮೋಘವರ್ಷ, ಕಲ್ಯಾಣ್ ವರ್ಮಾ ತೆಗೆದ 'ವೈಲ್ಡ್ ಕರ್ನಾಟಕ' ಚಿತ್ರಕ್ಕೆ ಸಂಗೀತ ಕೊಟ್ಟದ್ದು ಆಮೇಲೆ. ಇಂಗ್ಲೆಂಡಿನ ಡೇವಿಡ್ ಅಟೆನ್‌ಬರೋ ಅದಕ್ಕೆ ದನಿ ಕೊಟ್ಟರು. 2020ರಲ್ಲಿ ಅದು ಚಿತ್ರಮಂದಿರಕ್ಕೂ ಬಂತು, ರಾಷ್ಟ್ರಪ್ರಶಸ್ತಿಯನ್ನೂ ಗಳಿಸಿತು.

2021ರಲ್ಲಿ, ಕೊರೊನಾ ಇನ್ನೂ ಕಾಡುತ್ತಿದ್ದಾಗ, 'ಡಿವೈನ್ ಟೈಡ್ಸ್' ಬಂತು. ಜೊತೆಗಾರ ಸ್ಟೀವರ್ಟ್ ಕೋಪ್ಲ್ಯಾಂಡ್, 'ದಿ ಪೊಲೀಸ್' ಎಂಬ ಜಗತ್ಪ್ರಸಿದ್ಧ ತಂಡದ ಡ್ರಮ್ ವಾದಕ. ಅದಕ್ಕೆ 2022ರಲ್ಲಿ ಒಂದು ಗ್ರ್ಯಾಮಿ, 2023ರಲ್ಲಿ ಇನ್ನೊಂದು. ಎರಡನೆಯದು ಸುತ್ತಲಿಂದಲೂ ದನಿ ಕೇಳುವಂತೆ ಕೂಡಿಸಿದ ಕೈಚಳಕಕ್ಕೆ. ಅದೇ 2023ರ ಆಗಸ್ಟಿನಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ರಾಯಲ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ನೂರು ಮಂದಿಯಿಂದ ನಮ್ಮ ರಾಷ್ಟ್ರಗೀತೆ ನುಡಿಸಿ ಹೊರತಂದರು. ಒಂದು ಕೀಬೋರ್ಡಿನಿಂದ ಶುರುವಾದ ದುಡಿಮೆ ನೂರು ಮಂದಿಯ ಮೇಳಕ್ಕೆ ಬಂದು ನಿಂತಿತು.

2025ರಲ್ಲಿ 'ಬ್ರೇಕ್ ಆಫ್ ಡಾನ್' ಆಲ್ಬಂ ಗ್ರ್ಯಾಮಿ ಕಣದಲ್ಲಿತ್ತು. ಬರಲಿಲ್ಲ. ಗೆದ್ದ ಆಲ್ಬಂ ಮಾಡಿದ ಮೂವರಲ್ಲಿ ಒಬ್ಬರು ಯಾರು ಗೊತ್ತೇ? ಹತ್ತು ವರ್ಷದ ಹಿಂದೆ ಇವರ ಜೊತೆಗೇ ವೇದಿಕೆ ಹತ್ತಿದ್ದ ಕೆಲ್ಲರ್‌ಮನ್! ಅದೇ ವರ್ಷ ಕರ್ನಾಟಕದಿಂದ ಕೇಜ್ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು.

ಸನಾದಿಯ ಪಾಲು

ನೇರವಾಗಿ ಹೇಳಿಬಿಡಬೇಕು. ಕೇಜ್ ಅವರ ಈಗಿನ ಸಂಗೀತಕ್ಕೆ ನಮ್ಮ ಹುಡುಗರು ಕುಣಿಯುವುದಿಲ್ಲ. ಕಣ್ಣು ಮುಚ್ಚಿ ಕೂತು ಕೇಳುವಂಥದ್ದು ಅದು. ಗ್ರ್ಯಾಮಿಯಲ್ಲಿ ಆ ವಿಭಾಗವೇ ಸಣ್ಣದು ಎಂದು ಮೂಗು ಮುರಿಯುವವರೂ ಇದ್ದಾರೆ. ಇರಲಿ. ಬೆಂಗಳೂರಿನ ಇಂಗ್ಲಿಷ್ ಶಾಲೆ, ಡಿಗ್ರಿಯ ಆಸರೆ, ಜಾಹೀರಾತು ಕಂಪನಿಗಳ ನೆರೆ, ಇವು ಯಾವುವೂ ಸಾರವಾಡದ ಖೋಲಿಯಲ್ಲಿ ಇಲ್ಲ ಎಂಬುದನ್ನೂ ಮರೆಯಬಾರದು. ಇಲ್ಲಿನ ಹುಡುಗನಿಗೆ ಜಿಂಗಲ್ ಎಂದರೆ ವಿಜಯಪುರದ ಬಟ್ಟೆ ಅಂಗಡಿಯ ಆಟೋ ಪ್ರಚಾರ, ಚುನಾವಣೆಯ ಹಾಡು, ಜಾತ್ರೆಯ ಹಾಡು. ಅಂಗಡಿಕಾರರು ಪುಕ್ಕಟೆ ಮಾಡಿಸಿಕೊಳ್ಳದೆ ರೊಕ್ಕ ಕೊಟ್ಟು ಮಾಡಿಸಿದರೆ ಅದೂ ದುಡಿಮೆಯೇ. 'ನಮ್ಮ ಹುಡುಗನ ಅಲ್ಲೇನು' ಎಂದು ಬೆನ್ನು ತಟ್ಟಿ ಕಳಿಸುವ ಚಾಳಿ ನಮ್ಮ ಪೇಟೆಯಲ್ಲಿ ಜಾಸ್ತಿ.

ಇನ್ನು ಸನಾದಿಯವರ ಪ್ರಶ್ನೆ. ಮೆರವಣಿಗೆಯಲ್ಲಿ ಅವರ ಜಾಗಕ್ಕೆ ಡಿಜೆ ಬಂದದ್ದು ಸುಳ್ಳಲ್ಲ, ಅದು ವಾಪಸು ಬರುತ್ತದೆಂಬ ಭರವಸೆಯೂ ಇಲ್ಲ. ಆದರೆ ಖೋಲಿಯ ಹುಡುಗನ ಲ್ಯಾಪ್‌ಟಾಪಿನಲ್ಲಿರುವ ಸನಾದಿ ಎಲ್ಲಿಯದು? ಯಾರೋ ಎಲ್ಲೋ ಊದಿದ್ದು, ಕೊಂಡದ್ದು, ಇಲ್ಲವೇ ಕದ್ದದ್ದು. ಸಾವಿರ ಹಾಡಿನಲ್ಲೂ ಅದೇ ದನಿ. ಊರಿನ ಸನಾದಿ ಮಾತ್ರ ಊರಿನಂತೆಯೇ ಇರುತ್ತದೆ, ಸ್ವಲ್ಪ ಸೊಟ್ಟ, ಸ್ವಲ್ಪ ಒರಟು. ಓಣಿಯ ಆಚೆಗೇ ಇರುವ ಆ ಮನುಷ್ಯನನ್ನು ಕರೆಸಿ, ಅರ್ಧ ದಿನದ ಪಗಾರ ಕೊಟ್ಟು ಊದಿಸಿಕೊಂಡರೆ ಹುಡುಗನ ಹಾಡಿಗೆ ಬೇರೆಯೇ ಗತ್ತು ಬರುತ್ತದೆ.

ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಹಚ್ಚಬಾರದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಪೊಲೀಸರು ಬಂದರೆ ಡಿಜೆ ಬಂದ್. ಆಮೇಲೆ ಕಿವಿಗೆ ಬೀಳುವುದು ಗುಡಿಯ ಭಜನೆ, ಪೇಟಿ, ದಮ್ಮಡಿ, ತಾಳ. ಅದಕ್ಕೆ ಕರೆಂಟೂ ಬೇಡ, ಪರವಾನಗಿಯೂ ಬೇಡ. ಈಚೆಗೆ ಅಲ್ಲಿ ಮೂಲೆಯಲ್ಲಿ ಮೊಬೈಲು ಹಿಡಿದು ಕೂತ ಹುಡುಗರೂ ಕಾಣಸಿಗುತ್ತಾರೆ. 'ರೆಕಾರ್ಡ್ ಮಾಡಿಕೊಳ್ಳಲೇನ್ರೀ ಕಾಕಾ?' ಎಂದರೆ ಹಿರಿಯರು ದಮ್ಮಡಿ ಬಿಡದೆ ಹೇಳುತ್ತಾರೆ: 'ಮಾಡ್ಕೋಪಾ, ಆದರ ಮೊದಲ ಎಲ್ಲಾರಿಗೂ ಒಂದೊಂದ ಚಾ ತರಸು.'